ಸೋರದ ಗೋಡೆ

"ಸ್ವಲ್ಪ ವಾಲಿಸ್ರಪ್ಪ, ಹೊಟ್ಟೆ ಕಡೆ ಭಾರ ಇದೆ," ಎಂದು ಫೋರ್ಮನ್ ಹೇಳುತ್ತಿದ್ದಂತೆ ಶವಪೆಟ್ಟಿಗೆ ಒಳಕೋಣೆಯ ಬಾಗಿಲ ಚೌಕಟ್ಟಿಗೆ ತಗುಲಿ ನಿಂತಿತು. ಹೊತ್ತವರೆಲ್ಲ ಗಣಿಯವರೇ, ಇದಕ್ಕಿಂತ ಇಕ್ಕಟ್ಟಿನಲ್ಲಿ ದಿಮ್ಮಿ ಸಾಗಿಸಿದವರು. ಆದರೂ ಪೆಟ್ಟಿಗೆಯೊಳಗಿದ್ದ ಗೋಡೆಯಪ್ಪನ ಹೊಟ್ಟೆಯ ಮುಂದೆ ಅವರ ಆಟ ನಡೆಯಲಿಲ್ಲ.

"ಅಲ್ಲೇ ಇಳಿಸಿ. ಮಗ ಬರ್ಲಿ," ಎಂದಳು ಅವನ ಹೆಂಡತಿ.

ಅದಿರು ತೆಗೆದ ಮೇಲೆ ನೆಲದಡಿ ಉಳಿಯುವ ಪೊಳ್ಳಿಗೆ ಮರಳು, ಸಿಮೆಂಟು, ನೀರು ಕಲಸಿದ ರಾಡಿಯನ್ನು ಮೇಲಿಂದ ಕೊಳವೆಯಲ್ಲಿ ಸುರಿದು ತುಂಬುತ್ತಾರೆ. ಅದು ಗಟ್ಟಿಯಾಗುವ ತನಕ ಹೊರಗೆ ನುಗ್ಗದಂತೆ ಪೊಳ್ಳಿನ ಬಾಯಿಗೆ ಗೋಡೆ ಕಟ್ಟುವುದು ಗೋಡೆಯಪ್ಪ ಜೀವನವಿಡೀ ಮಾಡಿದ ಕೆಲಸ. ಭಾರ ಬಿದ್ದಷ್ಟೂ ಎರಡೂ ಪಕ್ಕದ ಬಂಡೆಗೆ ಬಿಗಿಯಾಗಲೆಂದು ಗೋಡೆಯನ್ನು ರಾಡಿಯ ಕಡೆಗೆ ಉಬ್ಬಿಸಿ ಕಟ್ಟುತ್ತಿದ್ದ. ತನ್ನ ಹೊಟ್ಟೆಯ ಅಚ್ಚನ್ನೇ ತೆಗೆದು ಕಟ್ಟುತ್ತಾನೆ ಎಂದು ಜೊತೆಗಾರರು ಛೇಡಿಸುತ್ತಿದ್ದರು. ಕೊನೆಯ ಗೋಡೆ ಮುಗಿಸಿ, ರಾಡಿ ಸುರಿಯಲು ಶುರುವಾದ ದಿನ ಮನೆಗೆ ಬಂದವನು ಎದೆ ಹಿಡಿದುಕೊಂಡು ಕುಸಿದಿದ್ದ.

ಕಟ್ಟಿದವನೇ ಕಾಯಬೇಕು ಎಂಬುದು ಆ ಗಣಿಯ ಹಳೆಯ ರೂಢಿ. ರಾಡಿ ತುಂಬುವಷ್ಟು ಹೊತ್ತು ಕಟ್ಟಿದವನೋ ಅವನ ಮನೆಯವನೋ ಗೋಡೆಯ ಮುಂದೆ ಕೂರಬೇಕು. ಅಪ್ಪನ ಬದಲು ಈಗ ಮಗ ಕೂತಿದ್ದ. ಅವನು ಗಣಿಯ ಎಲೆಕ್ಟ್ರಿಷಿಯನ್, ಗೋಡೆಯ ಗಂಧಗಾಳಿ ಗೊತ್ತಿಲ್ಲದವನು.

"ಇವತ್ತೊಂದಿನ ಸುರಿಯೋದು ನಿಲ್ಸಬಹುದಿತ್ತು," ಎಂದಳು ಪಕ್ಕದ ಮನೆಯಾಕೆ.

"ನಿಲ್ಸಿದ್ರೆ ಕೊಳವೇಲೇ ಗಟ್ಟಿಯಾಗತ್ತಮ್ಮ. ಇನ್ನೇನು, ಪಾಳಿ ಬದಲಾಗ್ತಿದ್ದ ಹಾಗೇ ಬರ್ತಾನೆ," ಎಂದ ಫೋರ್ಮನ್.

ಹೆಂಡತಿಯ ತಮ್ಮ ಬಂದು ಅಕ್ಕನ ಪಕ್ಕ ನೆಲದ ಮೇಲೆ ಕೂತ. ಮೇಲೆ ಊರಿನಲ್ಲಿ ನೀರಿನ ಟ್ಯಾಂಕು ಕಟ್ಟಿಕೊಂಡಿದ್ದವನು, ಈಚೆಗಷ್ಟೇ ಭಾವನ ಕೈಕೆಳಗೆ ಗಣಿಗಿಳಿದಿದ್ದ. ಅತ್ತು ಅತ್ತು ಮುಖ ಊದಿತ್ತು.

"ಅಕ್ಕ, ಒಂದೇ ಸಮಾಧಾನ. ಭಾವನ ಗೋಡೆ ಈಗ ಒಂದು ತೊಟ್ಟೂ ಸೋರ್ತಿಲ್ಲ."

"ಸೋರ್ತಿಲ್ವಾ?"

"ನಿನ್ನೆ ಗೋಡೇಲಿಟ್ಟಿರೋ ಸಣ್ಣ ಪೈಪಿಂದೆಲ್ಲ ನೀರು ಸೋರ್ತಿತ್ತು. ಗೋಡೆಯಪ್ಪನ ಕೊನೇ ಗೋಡೆ ಸೋರ್ತು ಅಂತ ನಾಲ್ಕು ಜನ ಆಡ್ಕೊಂಡ್ರೆ ನನಗೆ ತಡ್ಕೊಳ್ಳೋಕಾಗತ್ತಾ? ಭಾವ ಹೋದ್ರು ಅಂತ ಗೊತ್ತಾದ್ಮೇಲೆ ನಾನೇ ಇಳಿದು, ಪೈಪಿನ ಬಾಯಿಗೆಲ್ಲ ಗೋಣಿ ತುರುಕಿ ಗಾರೆ ಬಳಿದೆ. ಈಗ ಅಂಗೈ ಇಟ್ರೂ ಒಣಗಿದೆ."

ಟ್ಯಾಂಕು ಕಟ್ಟುವವನಿಗೆ ಸೋರಿಕೆಗಿಂತ ದೊಡ್ಡ ಅವಮಾನವಿಲ್ಲ. ಅವನು ಪ್ರೀತಿಯಿಂದಲೇ ಮಾಡಿದ್ದ. ಅಕ್ಕ ಅವನ ಮುಖವನ್ನೇ ನೋಡಿದಳು.

*

ಮದುವೆಯಾದ ಹೊಸತರಲ್ಲಿ, ಗೋಡೆಗೆ ಒರಗಿ ಕೂತು ಕಾದು ಬಂದ ದಿನ ಗಂಡನ ಅಂಗಿಯ ಬೆನ್ನು ತೊಯ್ದಿರುತ್ತಿತ್ತು. ಹಿಂಡಿದರೆ ಬೂದು ನೀರು ಇಳಿಯುತ್ತಿತ್ತು.

"ಸೋರದ ಹಾಗೆ ಕಟ್ಟೋಕೆ ಬರಲ್ವಾ ನಿಮಗೆ?" ಎಂದು ಅವಳು ಒಗೆಯುವ ಕಲ್ಲಿನ ಬಳಿ ನಿಂತು ಗೊಣಗುತ್ತಿದ್ದಳು.

"ಬೈಕೋ. ಬೆನ್ನು ಒದ್ದೆ ಆಗ್ತಿರೋವರೆಗೂ ನಾನು ಮನೆಗೆ ಬರ್ತಾ ಇರ್ತೀನಿ," ಎಂದು ಅವನು ನಗುತ್ತಿದ್ದ.

ಒಂದು ದಿನ ಮಧ್ಯಾಹ್ನವೇ ಬಂದ, ಒಣ ಅಂಗಿಯಲ್ಲಿ. ಮೆಟ್ಟಿಲ ಮೇಲೆ ಕೂತವನು ಬೂಟು ಕೂಡ ಬಿಚ್ಚಲಿಲ್ಲ. ಗೆಳೆಯನೊಬ್ಬ ಕಟ್ಟಿದ ಗೋಡೆ ಒಡೆದು, ಕಾಯುತ್ತಿದ್ದ ಆ ಗೆಳೆಯನೇ ಹೋಗಿಬಿಟ್ಟಿದ್ದ.

"ನೀರು ಬರೋದು ನಿಂತಿತ್ತು. ರಾಡಿ ಒಣಗ್ತು ಅಂತ ಎಲ್ಲರೂ ಖುಷಿಪಟ್ರು. ನಾನೂ ಪಟ್ಟೆ. ನೀರು ಎಲ್ಲೂ ಹೋಗಿರ್ಲಿಲ್ಲ ಕಣೇ. ಪೈಪು ಕಟ್ಕೊಂಡು ಒಳಗೇ ನಿಂತಿತ್ತು."

ಅಂದಿನಿಂದ ಅವನು ಮೊದಲು ನೀರಿಗೆ ದಾರಿ ಮಾಡಿ, ಆಮೇಲೆ ಗೋಡೆ ಎಬ್ಬಿಸುತ್ತಿದ್ದ. ಮಗ ಕರಣೆ ಮುಟ್ಟಿದರೆ ಕಿತ್ತಿಡುತ್ತಿದ್ದ. ಈ ಕೆಲಸಕ್ಕೆ ಮನೆಗೊಬ್ಬ ಸಾಕು ಎನ್ನುತ್ತಿದ್ದ.

*

"ಬಿಚ್ಚೋ," ಎಂದಳು ಅಕ್ಕ. "ಆ ಪೈಪು ಬಿಚ್ಚೋ. ನೀರೆಲ್ಲ ಒಳಗೆ ನಿಂತಿದೆ. ನನ್ನ ಮಗ ಅದರ ಮುಂದೆ ಕೂತಿದಾನೆ."

ಫೋರ್ಮನ್ನನ ಮುಖ ಬಿಳಿಚಿಕೊಂಡಿತು. ಫೋನು ತೆಗೆದು ಸುರಿಯುವುದನ್ನು ನಿಲ್ಲಿಸಲು ಹೇಳಿದ. "ನಿಲ್ಸಿದ್ರೂ ಒಳಗಿರೋ ನೀರು ಒಳಗೇ ಇರತ್ತೆ. ಗೋಡೆ ಹತ್ರ ಫೋನಿಲ್ಲ, ಯಾರಾದ್ರೂ ಹೋಗಿ..."

ತಮ್ಮ ಆಗಲೇ ಬೀದಿಯಲ್ಲಿ ಬರಿಗಾಲಲ್ಲಿ ಓಡುತ್ತಿದ್ದ. "ಗೋಡೆ ಮುಟ್ಬೇಡ, ಹುಡುಗನ್ನ ಮಾತ್ರ ಕರ್ಕೊಂಡು ಬಾ," ಎಂದು ಫೋರ್ಮನ್ ಹಿಂದಿನಿಂದ ಕೂಗಿದ.

ಹೆಂಡತಿ ಪೆಟ್ಟಿಗೆಯ ಪಕ್ಕ ಕೂತಳು. ಬೆಳಗಿನಿಂದ ಅಳದಿದ್ದವಳು ಈಗ ಗಂಡನ ತೋಳು ಹಿಡಿದು ಅಲುಗಿಸಿದಳು. "ಏಳಿ. ಇಷ್ಟು ವರ್ಷ ನಿಮ್ಮನ್ನ ಏನೂ ಕೇಳಿಲ್ಲ. ಒಂದು ಗಳಿಗೆ ಎದ್ದು ಅವನನ್ನ ಕರ್ಕೊಂಡು ಬಂದು, ಮತ್ತೆ ಮಲಗಿ."

ಅರ್ಧ ಗಂಟೆ ಕಳೆದಿರಬೇಕು, ಗಣಿಯ ಸೈರನ್ ಕೂಗಿತು.

ಹೊರಲು ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಚಪ್ಪಲಿ ಮೆಟ್ಟಿ ಓಡಿದರು. "ರಾಡಿ ಗಟ್ಟಿಯಾಗೋದ್ರೊಳಗೆ ಅಗೀಬೇಕು," ಎನ್ನುತ್ತ ಫೋರ್ಮನ್ನನೂ ಹೋದ.

ಎಷ್ಟು ಹೊತ್ತಾಯಿತೋ, ಬಾಗಿಲಲ್ಲಿ ಒಬ್ಬ ಬಂದು ನಿಂತ. ತಲೆಯಿಂದ ಕಾಲಿನವರೆಗೂ ಬೂದು ರಾಡಿ. ಅವಳು ಸೆರಗಿನಿಂದ ಮುಖ ಒರೆಸಿದ ಮೇಲೆಯೇ ಮಗನೆಂದು ನಂಬಿದಳು. ಮುಖ, ಕಿವಿ, ಕತ್ತು ಎಲ್ಲ ಸವರಿ ನೋಡಿ, ಆಮೇಲೆ ಅವನ ಬೆನ್ನ ಹಿಂದೆ ಇಣುಕಿದಳು. ಯಾರೂ ಇರಲಿಲ್ಲ.

"ಮಾವ ನನ್ನನ್ನ ಆಚೆ ದಬ್ಬಿದ್ರು. ಹಿಂದೇನೇ ಬರ್ತಾರೆ ಅಂದ್ಕೊಂಡೆ. ತಿರುಗಿ ನೋಡಿದ್ರೆ ಗಾರೆ ಕೆತ್ತಿ ಗೋಣಿ ಕೀಳ್ತಿದ್ರು. 'ನಾನು ಮುಚ್ಚಿದ್ದು, ನಾನೇ ತೆಗೀಬೇಕು' ಅಂದ್ರು. ಒಂದು ಪೈಪಲ್ಲಿ ನೀರು ಬಂತಮ್ಮ. ನನ್ನ ಕಡೆ ನೋಡಿ ನಕ್ರು. ಅಷ್ಟರಲ್ಲಿ ಗೋಡೆ ಒಡೀತು." ಬಾಗಿಲ ಸಂದಿಯಲ್ಲಿದ್ದ ಅಪ್ಪನ ಸಲಿಕೆ ತೆಗೆದುಕೊಂಡ. ಅವಳು ಬೇಡವೆನ್ನಲಿಲ್ಲ. ಅವನು ಬಂದ ದಾರಿಯಲ್ಲೇ ಓಡಿದ.

ಮನೆಯಲ್ಲಿ ಚೌಕಟ್ಟಿಗೆ ಸಿಕ್ಕಿಕೊಂಡ ಪೆಟ್ಟಿಗೆ, ಅವಳು, ಹೊಸ್ತಿಲಾಚೆ ತಮ್ಮನ ಚಪ್ಪಲಿ. ಚಪ್ಪಲಿಯ ಪಕ್ಕ ಮಗನ ಬೂಟಿನಿಂದ ಉದುರಿದ ರಾಡಿಯ ಮುದ್ದೆ ಬಿದ್ದಿತ್ತು. ಅವಳು ಬಾಗಿ ಬೆರಳಿನಿಂದ ಒತ್ತಿದಳು. ಮೆತ್ತಗಿತ್ತು, ಬೆರಳು ಗೆಣ್ಣಿನವರೆಗೆ ಇಳಿಯಿತು. ಅಲ್ಲೇ ಕೂತಳು. ಬೀದಿಯ ಕೊನೆಯವರೆಗೆ ನೋಡಿ ಮತ್ತೆ ಒತ್ತಿದಳು. ಉಗುರಷ್ಟೇ ಇಳಿಯಿತು. ತಂಬಿಗೆಯಲ್ಲಿ ನೀರು ತಂದು ಮುದ್ದೆಯ ಮೇಲೆ ಚಿಮುಕಿಸಿದಳು, ಅಂಗೈಯಲ್ಲಿ ಮತ್ತೆ ಮತ್ತೆ ಸವರಿದಳು.

ಬೆಳಕು ಇಳಿಯುವ ಹೊತ್ತಿಗೆ ಇನ್ನೊಮ್ಮೆ, ಇದ್ದಬದ್ದ ಬಲವೆಲ್ಲ ಹಾಕಿ ಒತ್ತಿದಳು. ಬೆರಳಿನ ಗುರುತು ಮೂಡಲಿಲ್ಲ.