ಬೆಂಕಿಪೊಟ್ಟಣದ ರಾಣಿ

ಅಮೃತಪ್ಪ ಹೆಣದ ಧೋತರದ ಗಂಟಿಗೆ ಕೈ ಹಾಕಿದ್ದೇ ತಡ, ಸಾಬಮ್ಮ ಅವನ ಮಣಿಕಟ್ಟು ಹಿಡಿದಳು.

“ಬಿಡ್ರಿ ಅಣ್ಣಾರ. ಜಳಕಾ ನಾ ಒಬ್ಬಾಕೀನ ಮಾಡಸ್ತೀನಿ.”

“ಹುಚ್ಚ ಹಿಡದೈತೇನ ತಂಗಿ? ಗಂಡಸಿನ ಹೆಣಕ್ಕ ಗಂಡಸ್ರ ನೀರ ಹಾಕಬೇಕು. ಅಷ್ಟೂ ತಿಳಿಯಂಗಿಲ್ಲೇನು?”

ಸನತ್‌ನಗರದ ಕಾರ್ಖಾನೆಗಳ ಹಿಂದೆ, ತಗಡಿನ ಮನೆಯ ಹಿತ್ತಲಲ್ಲಿ ಗುರುಶಾಂತನನ್ನು ಗೋಡೆಗೆ ಆನಿಸಿ ಹಲಗೆಯ ಮೇಲೆ ಕೂರಿಸಿದ್ದರು. ಅಪಾರ್ಟ್‌ಮೆಂಟುಗಳಲ್ಲಿ ಕಟ್ಟಿದ ಜೇನು ಬಿಡಿಸಿ ಇಪ್ಪತ್ತು ವರ್ಷ ಸಂಸಾರ ತೂಗಿಸಿದವನು, ಬೆಳಿಗ್ಗೆ ಚಹಾ ಕುಡಿಯುತ್ತಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ಯಾದಗಿರಿ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದ ಮಂದಿಗೆಲ್ಲ ಅಮೃತಪ್ಪನೇ ಹಿರಿಯ. ಸತ್ತವರ ಮನೆಯಲ್ಲಿ ತನ್ನ ಮಾತು ನಡೆಯದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಅವನ ಹಿಂದೆ ಇನ್ನೂ ಮೂವರು ತಂಬಿಗೆ ಹಿಡಿದು ನಿಂತಿದ್ದರು.

ಧೋತರ ಬಿಚ್ಚಿದರೆ ಮುಗಿಯಿತು. ಊರ ಬಾಯಿಗೆ ಮುಚ್ಚಳವಿಲ್ಲ. ನಗುವವರ ಕೈಗೆ ಗಂಡನನ್ನು ಕೊಟ್ಟು ಬದುಕುವುದು ಸಾಬಮ್ಮನಿಂದ ಆಗದ ಮಾತು.

“ಒಂದ ಐದ ನಿಮಿಷ ತಡೀರಿ,” ಎಂದಳು.

*

ಮದುವೆಯಾದ ಮೂರನೆಯ ದಿನ ಗುರುಶಾಂತ ಅಂಗೈ ಚಾಚಿದ್ದ. ಅದರ ಮೇಲೊಂದು ಜೇನುಹುಳ.

“ನೋಡ ಇಲ್ಲಿ. ಈ ಕಡೆ ದೊಡ್ಡ ಕಣ್ಣ, ಗಂಡು. ಆ ಕಡೆ ಸಣ್ಣ ಕಣ್ಣ, ಹೆಣ್ಣು. ಒಂದ ಮೈಯಾಗ ಎರಡೂ.”

“ಖರೇನೇನ್ರಿ?”

“ಖರೇನ. ನಾನೂ ಹಂಗ ಹುಟ್ಟೀನಿ, ಸಾಬಿ. ಬ್ಯಾಡಂದ್ರ ನಾಳೆ ತವರಿಗೆ ಬಸ್ ಹತ್ತಸ್ತೀನಿ.”

ಸಾಬಮ್ಮ ಎರಡು ದಿನ ಅತ್ತಳು. ಮೊದಲೇ ಹೇಳಲಿಲ್ಲವಲ್ಲ ಎಂದು ಸಿಟ್ಟೂ ಬಂತು. ಬಸ್ಸು ಮಾತ್ರ ಹತ್ತಲಿಲ್ಲ. ಅಷ್ಟು ಮೆಲ್ಲಗೆ ಮಾತಾಡುವ ಗಂಡಸನ್ನು ಅವಳು ನೋಡಿರಲಿಲ್ಲ.

“ನಾ ಸತ್ತರ ನೀನ ನೀರ ಹಾಕು,” ಎಂದು ಆಮೇಲೆ ಮಾತು ತೆಗೆದುಕೊಂಡಿದ್ದ. “ಬ್ಯಾರೆ ಯಾರೂ ನೋಡಬಾರದು.”

ಅವಳನ್ನು ನಗಿಸಲು ಅವನು ರಾಣಿಹುಳವನ್ನು ಬೆಂಕಿಪೊಟ್ಟಣಕ್ಕೆ ಹಾಕಿ ಗದ್ದಕ್ಕೆ ಕಟ್ಟಿಕೊಳ್ಳುತ್ತಿದ್ದ. ಗೂಡಿನ ಹುಳಗಳೆಲ್ಲ ಬಂದು ಗಡ್ಡದಂತೆ ಜೋತುಬೀಳುತ್ತಿದ್ದವು. “ರಾಣಿ ಎಲ್ಲೈತಿ, ದಂಡ ಅಲ್ಲೈತಿ!”

*

ಹಿತ್ತಲ ಮೂಲೆಯ ಜೇನುಪೆಟ್ಟಿಗೆಯನ್ನು ಅವಳು ಜನ್ಮದಲ್ಲಿ ಮುಟ್ಟಿದವಳಲ್ಲ. ಇವತ್ತು ಮುಚ್ಚಳ ತೆಗೆದಳು. ಕಣ್ಣು ನೀರು ತುಂಬಿ ಮಂಜಾಗಿತ್ತು. ಉದ್ದಗೆ ಕಂಡ ಹುಳವೊಂದನ್ನು ರಾಣಿಯೆಂದು ಹಿಡಿದು ಬೆಂಕಿಪೊಟ್ಟಣಕ್ಕೆ ಹಾಕಿ, ಗಂಡನ ಗದ್ದದ ಕೆಳಗೆ ದಾರದಿಂದ ಕಟ್ಟಿದಳು.

“ಏನ ಮಾಡಾಕತ್ತೀದಿ?” ಎಂದ ಅಮೃತಪ್ಪನ ಮಾತು ಗುಂಯ್‌ಗುಡುವ ಸದ್ದಿನಲ್ಲಿ ಮುಳುಗಿತು. ಹುಳಗಳು ಕೊರಳಿಗೆ ಇಳಿದವು, ಎದೆಗೆ, ಸೊಂಟಕ್ಕೆ, ಕಾಲಿಗೆ. ಗೋಡೆಗೆ ಒರಗಿದ್ದ ಆ ಕಪ್ಪು ಮೈ ಉಸಿರಾಡುತ್ತಿರುವಂತೆ ಏರಿಳಿಯಿತು. ತಂಬಿಗೆಗಳು ಉರುಳಿದವು. ಗಂಡಸರು ಒಳಗೆ ಓಡಿ ಬಾಗಿಲು ಹಾಕಿಕೊಂಡರು.

ಸಾಬಮ್ಮ ಧೋತರದ ಗಂಟು ಬಿಚ್ಚಿದಳು. ಅವಳ ಕೈ ಹೋದಲ್ಲಿ ಹುಳಗಳು ದಾರಿ ಬಿಟ್ಟವು, ಕೈ ಸರಿದೊಡನೆ ಮತ್ತೆ ಮುಚ್ಚಿಕೊಂಡವು. ಒಂದೂ ಕಚ್ಚಲಿಲ್ಲ. ನೀರು ಹಾಕಿದಳು, ವಿಭೂತಿ ಹಚ್ಚಿದಳು, ಹೊಸ ಧೋತರ ಉಡಿಸಿದಳು. ಕೊನೆಯ ಗಂಟು ಬೀಳುತ್ತಲೇ ಅವೆಲ್ಲ ಒಮ್ಮೆಗೇ ಎದ್ದು ಪೆಟ್ಟಿಗೆಗೆ ಮರಳಿದವು.

“ಮುಗೀತೇನ ತಂಗಿ?” ಬಾಗಿಲ ಹಿಂದಿನಿಂದ ಅಮೃತಪ್ಪ ಕೇಳಿದ. ದನಿ ಸಣ್ಣದಾಗಿತ್ತು.

“ಮುಗೀತ್ರಿ.”

ರಾಣಿಯನ್ನು ಗೂಡಿಗೆ ಬಿಡಬೇಕಿತ್ತು. ದಾರ ಬಿಚ್ಚಿಕೊಂಡು ಪೆಟ್ಟಿಗೆಯ ಹತ್ತಿರ ಹೋದಳು. ಒಳಗೆ, ಮೇಣದ ಎರಿಯ ಮೇಲೆ, ರಾಣಿ ಕೂತಲ್ಲೇ ಕೂತಿತ್ತು.

ಸಾಬಮ್ಮ ಮೆಲ್ಲಗೆ ಬೆಂಕಿಪೊಟ್ಟಣ ತೆರೆದಳು. ಹುಳವೊಂದು ಹೊರಗೆ ಬಂದು ಅವಳ ಬೆರಳೇರಿ ನಿಂತಿತು. ಅದರ ಒಂದು ಕಣ್ಣು ದೊಡ್ಡದು, ಒಂದು ಸಣ್ಣದು.