ಒಣಗದ ಅಂಟು

ಮಗು ಹೊಟ್ಟೆಯಲ್ಲೇ ಉಸಿರು ನಿಲ್ಲಿಸಿತ್ತು. ಹೆಂಡತಿ ಇನ್ನೂ ಆಸ್ಪತ್ರೆಯಲ್ಲಿದ್ದಳು, ಯಾರ ಜೊತೆಗೂ ಮಾತಿಲ್ಲ, ಕತೆಯಿಲ್ಲ. ಬಸ್ ಕಂಡಕ್ಟರನಾದ ಗಂಡ ಮಂಚದ ಪಕ್ಕ ಕೂತರೆ ಅವಳು ಕೇಳುತ್ತಿದ್ದುದು ಒಂದೇ ಮಾತು: "ಮೀನಿಗೆ ಕಾಳು ಹಾಕಿದ್ರಾ?"

"ಹಾಕಿದೆ ಕಣೆ. ದೊಡ್ಡಮ್ಮ ಎಲ್ಲರ ಪಾಲೂ ತಾನೇ ನುಂಗ್ತಾಳೆ," ಎನ್ನುತ್ತಿದ್ದ. ದೊಡ್ಡಮ್ಮ ಎಂದರೆ ಅವಳು ಸಾಕಿದ್ದ ಚಿನ್ನದ ಮೀನುಗಳಲ್ಲೆಲ್ಲ ದಪ್ಪನೆಯದು.

ನಾಳೆ ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿದ ಬೆಳಿಗ್ಗೆ ಅವನು ಮನೆಗೆ ಓಡಿದ. ನಡುಮನೆಯಲ್ಲಿದ್ದ ತೊಟ್ಟಿಲು ಅವಳ ಕಣ್ಣಿಗೆ ಬೀಳಬಾರದಿತ್ತು. ಅದನ್ನೆತ್ತಿ ಅವಸರದಲ್ಲಿ ತಿರುಗಿದ. ತೊಟ್ಟಿಲಿನ ಕಬ್ಬಿಣದ ಕಾಲು ಮೀನಿನ ಅಕ್ವೇರಿಯಮ್ಮಿಗೆ ಬಡಿದು ಇಡೀ ಗಾಜಿನ ತೊಟ್ಟಿ ನೆಲಕ್ಕುರುಳಿತು. ಗಾಜು ಪುಡಿಪುಡಿ. ನೀರಿಗೆ ಗಾಳಿ ಊದುವ ಪಂಪೂ ಚೂರಾಗಿತ್ತು. ಮಂಚದ ಕೆಳಗೆ ಪಟಪಟನೆ ಒದ್ದಾಡುತ್ತಿದ್ದ ಮೀನುಗಳನ್ನು ಬೊಗಸೆಯಲ್ಲಿ ಹಿಡಿದು ಬಕೆಟ್ಟಿಗೆ ಹಾಕಿದ. ಅಂಗೈ ಕುಯ್ದದ್ದು ಗೊತ್ತಾದುದು ನೀರು ಕೆಂಪಾದಾಗ.

ತೊಟ್ಟಿಲನ್ನು ಅಟ್ಟಕ್ಕೇರಿಸಿ ಮೀನಿನ ಅಂಗಡಿಗೆ ಹೋದರೆ ಅದಕ್ಕೆ ಬೀಗ ಬಿದ್ದಿತ್ತು. ಅವನು ಮನೆಗೆ ಬಂದು ಷೋಕೇಸಿನ ಗಾಜುಗಳನ್ನೇ ಕಳಚಿ ಗಾಜಿನಂಗಡಿಗೆ ಹೊತ್ತೊಯ್ದ. ತಳಕ್ಕೊಂದು, ಸುತ್ತಲೂ ನಾಲ್ಕು ಎಂದು ಕೊಯ್ಯಿಸಿದ. ಅಂಗಡಿಯವನು ಸಿಲಿಕೋನ್ ಅಂಟಿನ ಟ್ಯೂಬು ಕೊಡುತ್ತಾ, "ಪೂರ್ತಿ ಒಂದು ದಿನ ನೀರು ಸೋಕಿಸಬೇಡಿ. ಆಮೇಲೆ ನನ್ನ ಬೈಬೇಡಿ," ಎಂದ.

ಅಂಚುಗಳನ್ನು ಉಜ್ಜಿ ನುಣುಪು ಮಾಡಿ, ಸ್ಪಿರಿಟ್ಟಿನಲ್ಲಿ ಒರೆಸಿ, ಅಂಟಿನ ಗೆರೆ ಎಳೆದು ಒಂದೊಂದೇ ಗಾಜನ್ನು ನಿಲ್ಲಿಸಿದ. ಮೂಲೆಗಳಿಗೆ ಟೇಪು ಸುತ್ತಿದ. ಟಿಕೆಟ್ ಹರಿದು ಪಳಗಿದ್ದ ಬೆರಳುಗಳು ಆ ದಿನ ಮಾತು ಕೇಳುತ್ತಿರಲಿಲ್ಲ. ಮುಗಿಯುವಷ್ಟರಲ್ಲಿ ಸಂಜೆಯಾಗಿತ್ತು.

ಬೆಳಿಗ್ಗೆ ನೋಡಿದರೆ ಬಕೆಟ್ಟಿನಲ್ಲಿ ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಉಳಿದವು ನೀರಿನ ಮೇಲೆ ಬಾಯಿ ಇಟ್ಟು ಗಾಳಿಗೆ ಹಪಹಪಿಸುತ್ತಿದ್ದವು. ಈ ಮನೆಯಲ್ಲಿ ಇನ್ನೊಂದು ಸಾವನ್ನು ಅವಳಿಗೆ ತೋರಿಸುವುದಾದರೂ ಹೇಗೆ? ಅಂಗಡಿಯವನ ಮಾತು ನೆನಪಿತ್ತು. ಆದರೂ ತಡೆಯಲಾರದೆ ತೊಟ್ಟಿಗೆ ನೀರು ಸುರಿದ. ಅರ್ಧ ತುಂಬುವುದರೊಳಗೆ ಮೂಲೆ ಬಿಟ್ಟುಕೊಂಡಿತು. ಟವೆಲು ಒತ್ತಿದ, ಅಂಗೈ ಒತ್ತಿದ. ನೀರು ಬೆರಳ ಸಂದಿಯಿಂದ ಇಳಿಯುತ್ತಲೇ ಇತ್ತು. "ನಿಲ್ಲು, ನಿನ್ನ ದಮ್ಮಯ್ಯ, ನಿಲ್ಲು," ಎಂದು ಗಾಜಿಗೆ ಹಣೆ ಹಚ್ಚಿ ಬೇಡಿಕೊಂಡ.

"ಅಳಿಯಂದ್ರೇ! ಏನಿದು ಅವತಾರ?"

ಬಾಗಿಲಲ್ಲಿ ಅತ್ತೆ, ಅವರ ತೋಳು ಹಿಡಿದು ಹೆಂಡತಿ. ಡಾಕ್ಟರು ಬೇಗ ಬಿಟ್ಟಿದ್ದರು, ಅತ್ತೆಯೇ ಆಟೋದಲ್ಲಿ ಕರೆತಂದಿದ್ದರು.

"ನಾನೇ ಒಡೆದೆ ಕಣೆ," ಎಂದ.

ಅವಳು ಬೈಯಲಿಲ್ಲ, ಅಳಲಿಲ್ಲ. ಗೋಡೆ ಹಿಡಿದುಕೊಂಡು ಬಂದು ಬಕೆಟ್ಟಿನ ಪಕ್ಕ ಕೂತಳು. "ಅಮ್ಮಾ, ಡ್ರಮ್ಮಿನ ಹಳೇ ನೀರು ಒಂದು ಬಕೆಟ್ ತಾ. ರೀ, ಇವನ್ನ ಎರಡು ಪಾಲು ಮಾಡಿ. ಚೊಂಬಲ್ಲಿ ನೀರು ಎತ್ತಿ ಮೇಲಿಂದ ಹುಯ್ತಾ ಇರಿ, ಗಾಳಿ ಸೇರುತ್ತೆ." ಬರೀ ಅಷ್ಟೇ ಮಾಡಿದ್ದರೆ ಆಗುತ್ತಿತ್ತು ಎಂಬುದು ಅವನ ತಲೆಗೇ ಹೊಳೆದಿರಲಿಲ್ಲ.

ಅತ್ತೆ ಚೊಂಬು ಹಿಡಿದರು. ಅವನು ಗಾಜುಗಳನ್ನು ಬಿಡಿಸಿ, ಹಳೆ ಅಂಟನ್ನೆಲ್ಲ ಬ್ಲೇಡಿನಿಂದ ಕೆರೆದು, ಒರೆಸಿ ಒಣಗಿಸಿ ಮತ್ತೆ ಕೂರಿಸಿದ. ಹೆಂಡತಿ ಮೂಲೆಗಳನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಟೇಪು ಸುತ್ತುವಾಗ ತಲೆಯೆತ್ತದೆ ಕೇಳಿದಳು: "ನೀವು ಮಗೂನ ನೋಡಿದ್ರಾ?"

ಅವನ ಕೈ ನಿಂತಿತು. "ಹೂಂ."

"ನಂಗೆ ತೋರಿಸಲೇ ಇಲ್ಲ. ನಾನೂ ಕೇಳಲಿಲ್ಲ. ಹೇಗಿದ್ಲು?"

ಹೇಳಬಾರದು ಎಂದೇ ಅವನು ಅಷ್ಟು ದಿನ ಹಲ್ಲು ಕಚ್ಚಿದ್ದ. "ತಲೆ ತುಂಬಾ ಕೂದಲು. ಮೂಗು ನಿಂದೇ. ನಿದ್ದೆ ಮಾಡ್ತಿದ್ದ ಹಾಗಿದ್ಲು ಕಣೆ. ಎತ್ಕೊಂಡಿದ್ದೆ. ಬಿಡೋಕೆ ಮನಸ್ಸೇ ಬರ್ಲಿಲ್ಲ."

"ಕಿವಿ?"

"ಸಣ್ಣವು. ಒಂದು ಸ್ವಲ್ಪ ಮಡಚಿತ್ತು."

ಅವಳು ತಲೆಯಾಡಿಸಿದಳು. ಅತ್ತೆ ಆಚೆ ತಿರುಗಿ ಚೊಂಬಿನ ನೀರು ಹುಯ್ಯುತ್ತಲೇ ಇದ್ದರು.

ಈ ಸಲ ಕಾದರು. ಸರದಿಯ ಮೇಲೆ ನೀರು ಹುಯ್ದರು, ಸರದಿಯ ಮೇಲೆ ಕಣ್ಣು ಮುಚ್ಚಿದರು. ಇನ್ನೂ ಒಂದು ಮೀನು ಸತ್ತಿತು. ಅವಳೇ ಅದನ್ನು ಎಲೆಯಲ್ಲಿ ಸುತ್ತಿ ಹೂಕುಂಡದ ಮಣ್ಣಿಗಿಟ್ಟಳು. ಮರುದಿನ ಸಂಜೆ ತೊಟ್ಟಿಗೆ ನೀರು ತುಂಬಿ, ಕೆಳಗೆ ಪೇಪರು ಹಾಸಿ, ಬಹಳ ಹೊತ್ತು ನೋಡಿದ ಮೇಲೆ ಉಳಿದ ಮೂರನ್ನು ಬಿಟ್ಟರು. ದೊಡ್ಡಮ್ಮ ತಳದಲ್ಲಿ ವಾಲಿಕೊಂಡೇ ಇದ್ದಳು. ಬದುಕುತ್ತಾಳೋ ಇಲ್ಲವೋ ಹೇಳುವಂತಿರಲಿಲ್ಲ.

ಅವಳು ಒಳಗೆ ಹೋಗಿ ಮಲಗಿದಳು. ಆಗ ಅಳು ಬಂತು, ಮನೆಯೆಲ್ಲ ಕೇಳುವ ಹಾಗೆ. ಅವನು ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟ. ಸುಮ್ಮನಿರು ಎನ್ನಲಿಲ್ಲ. ನಡುವೆ ಒಮ್ಮೆ ಎದ್ದು ಹೋಗಿ ತೊಟ್ಟಿಯ ಕೆಳಗಿನ ಪೇಪರು ಮುಟ್ಟಿ ಬಂದ. ಒಣಗಿಯೇ ಇತ್ತು.