ಗೂಬೆ ಕೂತ ಗೂಟ

ನಾನು ಒಂದು ಗೂಟ. ಹುಟ್ಟಿದ್ದು ಮದ್ದೂರಿನ ಕಡೆಯ ನಾಲೆ ಏರಿಯ ನೀಲಗಿರಿ ಮರದಲ್ಲಿ. ಬಿಸಿಲು ತಿಂದು ತಿಂದು ಪೈಲ್ವಾನನ ತೋಳಿನಷ್ಟು ದಪ್ಪಗಾಗಿದ್ದೆ. ಬೋರಯ್ಯ ನನ್ನನ್ನು ಕಡಿದು, ತಲೆಗೊಂದು ಅಡ್ಡಪಟ್ಟಿ ಹೊಡೆದು, ಭತ್ತದ ಗದ್ದೆಯ ನಡುವೆ ನೆಟ್ಟ. ಹಕ್ಕಿ ಕೂತು ಇಲಿ ಹಿಡಿಯಲಿ ಎಂದು.

ಮುಸ್ಸಂಜೆಗೆ ಒಂದು ಗೂಬೆ ಬರುತ್ತಿತ್ತು. ಅದು ನುಂಗಿದ ಇಲಿಗಳನ್ನು ಸಾಲಾಗಿ ನಿಲ್ಲಿಸಿದ್ದರೆ ಸಾಲು ಮೈಸೂರು ಮುಟ್ಟುತ್ತಿತ್ತು.

ಬೋರಯ್ಯ ತೀರಿಕೊಂಡ. ಮರುವರ್ಷ ಅವನ ಹೆಂಡತಿ ದೊಡ್ಡತಾಯಮ್ಮನ ಗಬ್ಬದ ಮೇಕೆ ಸತ್ತಿತು. ಅವಳು ನೇರ ಗದ್ದೆಗೆ ಬಂದಳು.

"ಗೂಬೆ ಕೂತ ಜಾಗ ಉದ್ಧಾರ ಆದದಾ? ಗಂಡನ್ನೂ ನುಂಗ್ತು, ಮೇಕೇನೂ ನುಂಗ್ತು. ಬಾ, ಇನ್ಮೇಲೆ ಮೇಕೆ ಉಚ್ಚೆ ಕುಡಿ."

ಅಡ್ಡಪಟ್ಟಿ ಮುರಿದು, ನನ್ನನ್ನು ಹಿತ್ತಲಲ್ಲಿ ಹೂತು, ಹೊಸ ಮೇಕೆ ಕಟ್ಟಿದಳು. ಕುಡಿದೆ. ಕಾದೆ.

ತೆನೆ ಕಟ್ಟುವ ಹೊತ್ತಿಗೆ ಇಲಿಗಳು ದಂಡೆತ್ತಿ ಬಂದವು. ಅಜ್ಜಿ, ಮೊಮ್ಮಗಳು ಸಿಂಚನ, ಇಬ್ಬರ ವರ್ಷದ ಅನ್ನ ಆ ಗದ್ದೆಯಲ್ಲಿತ್ತು. ಅರ್ಧವೂ ಮನೆಗೆ ಬರಲಿಲ್ಲ. ನಾನು ಒಳಗೊಳಗೇ ನಕ್ಕೆ.

ಒಂದು ಸಂಜೆ ಸಿಂಚನ ನನಗೆ ಒರಗಿ ಪಾಠ ಒಪ್ಪಿಸುತ್ತಿದ್ದಳು.

"ಯಾರ್ನ ಯಾರು ತಿಂತಾರೆ ಅಂತ ಪಾಠ ಅಜ್ಜಿ."

"ಅದ್ಕೆ ಇಸ್ಕೂಲ್ ಯಾಕೆ? ನಮ್ಮತ್ತೆ ಇದ್ದಿದ್ರೆ ಸಾಕಾಗಿತ್ತು."

"ಬಿಸ್ಲು ತಿಂದು ಭತ್ತ ಬೆಳೀತದೆ. ಭತ್ತನ ಇಲಿ ತಿಂತದೆ. ಇಲಿನ ಗೂಬೆ ತಿಂತದೆ."

ದೊಡ್ಡತಾಯಮ್ಮನ ಬಾಯಲ್ಲಿ ಎಲೆಯಡಿಕೆ ನಿಂತಿತು. ನನ್ನ ಕಡೆ ನೋಡಿದಳು.

"ಆದ್ರೆ ಗೂಬೆ ಒಂದೇ, ಇಲಿ ಅಷ್ಟೊಂದು. ಯಾಕಜ್ಜಿ?"

"ತಿಂದಿದ್ದೆಲ್ಲ ಮೈಗೆ ಹತ್ತದಾ ಕೂಸೇ? ನಿನ್ನೇ ನೋಡು, ಮುದ್ದೆ ನುಂಗಿ ಕುಣ್ದೇ ಕಳೀತೀಯ. ಇಲೀನೂ ಓಡಾಡ್ಕಂಡೇ ಕಳೀತದೆ. ಅದ್ಕೇ ಗಾಡಿ ಭತ್ತಕ್ಕೆ ಒಂದ್ ಮಂಕರಿ ಬುಟ್ಟಿ ಇಲಿ, ಮಂಕರಿ ಇಲಿಗೆ ಒಂದ್ ಗೂಬೆ. ಆ ಒಂದ್ನ ನಾನೇ ಓಡುಸ್ದೆ ನೋಡು."

ಮರುದಿನ ನನ್ನನ್ನು ಕಿತ್ತು, ಹೊಸ ಅಡ್ಡಪಟ್ಟಿ ಹೊಡೆದು, ಹಳೆಯ ಜಾಗದಲ್ಲೇ ನೆಟ್ಟಳು. ಹಲವು ಸಂಜೆ ಬದುವಿನ ಮೇಲೆ ಕೂತು ಕಾದಳು. ಕೊನೆಗೆ ಗೂಬೆ ಬಂತು.

"ಬಾರಪ್ಪ ಅಪಶಕುನ. ಆ ಮನೆಹಾಳರ ಬಿಲದ್ ಮೇಲೇ ಕೂರು. ಒಂದು ಮರಿ ಉಳೀಬಾರ್ದು."

ಮುಂದಿನ ಸುಗ್ಗಿಗೆ ಮನೆಯ ಭತ್ತ ತುಂಬುವ ವಾಡೆ ತುಂಬಿತು.

ಈಗ ನನಗೆ ವಯಸ್ಸಾಗಿದೆ. ಬುಡ ಕೊಳೆತು ಕೋಳಿಗೂಡಿನ ಹಿಂದೆ ಬಿದ್ದಿದ್ದೇನೆ. ಗೆದ್ದಲು ನನ್ನನ್ನು ಕುಟುಕುಟು ತಿನ್ನುತ್ತಿದೆ. ತಿನ್ನಲಿ, ನಾನು ತಿಂದ ಬಿಸಿಲಿನ ಪಾಲು ಅದಕ್ಕೂ ಸಿಗಲಿ.

ದೊಡ್ಡತಾಯಮ್ಮ ಈಗಷ್ಟೇ ಕೋಳಿಗೂಡಿನ ಬಾಗಿಲು ತೆಗೆದಳು. ಕೋಳಿಗಳು ಗೆದ್ದಲಿನ ಕಡೆಗೇ ಓಡಿ ಬರುತ್ತಿವೆ.